ಗೋದಲಿಯಲ್ಲಿ ಕುರುಬರೂ ಜೋಯಿಸರೂ ಒಟ್ಟಿಗೆ ನಿಂತಿದ್ದು ಹೇಗೆ?

ತೀರ್ಥಹಳ್ಳಿ ಹತ್ರ ನಮ್ಮ ತೋಟಕ್ಕೆ ತಾಗಿಕೊಂಡೇ ಒಂದು ಕೊಂಕಣಿ ಕ್ರಿಶ್ಚಿಯನ್ನರ ಮನೆ ಇದೆ, ಅವರ ಅಜ್ಜ ಘಟ್ಟದ ಕೆಳಗಿಂದ ಬಂದು ಇಲ್ಲಿ ಅಡಿಕೆ ಹಾಕಿದವರು. ಡಿಸೆಂಬರ್ ಎರಡನೇ ವಾರ ಬಂತಂದ್ರೆ ಅವರ ಜಗಲಿ ಮೇಲೆ ಗೋದಲಿ ಕಟ್ಟೋದು ಶುರು, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ. ಚಿಕ್ಕವರಿದ್ದಾಗ ನಮ್ಮ ಪಾಲಿನ ಕೆಲಸ ಅಂದ್ರೆ ಕಾದಿಗೆ ಬದಿಯಿಂದ ಹಸಿರು ಪಾಚಿ ಎಬ್ಬಿಸಿ ತರೋದು, ಆ ಮನೆಯ ಬಾಯಮ್ಮ ಅದಕ್ಕೂ ಮುಂಚೆನೇ ತೆಂಗಿನ ಚಿಪ್ಪಲ್ಲಿ ಭತ್ತ ಮೊಳಕೆ ಬರಿಸಿ ಇಟ್ಟಿರ್ತಿದ್ರು, ಅದು ಗೋದಲಿಯ ಗದ್ದೆ. ಎಡಗಡೆ ಕುರುಬರು, ಅದರಲ್ಲಿ ಒಂದು ಕುರಿಗೆ ಕಾಲು ಮುರಿದು ಊದುಬತ್ತಿ ಕಡ್ಡಿ ಸಿಕ್ಕಿಸಿದ್ರು, ಬಲಗಡೆ ಒಂಟೆ ಜೊತೆ ಮೂರು ಜನ ರಾಜರು, ಮೇಲೆ ಬಣ್ಣದ ಕಾಗದದ ನಕ್ಷತ್ರ, ಹಿಂದೆ ಒಂದು ದನ ಒಂದು ಕತ್ತೆ, ನಡುವೆ ಹುಲ್ಲಿನ ಮೇಲೆ ಮಗು.

ಈ ದೃಶ್ಯ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ ಅಂತ ನಂಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಬಿಡಿಬಿಡಿಯಾಗಿ ಇದೆ, ಒಟ್ಟಿಗೆ ಇಲ್ಲ. ಯೇಸುವಿನ ಕಥೆ ಹೇಳೋ ಸುವಾರ್ತೆಗಳು ನಾಲ್ಕು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಇದರಲ್ಲಿ ಮಾರ್ಕನೂ ಯೋಹಾನನೂ ಹುಟ್ಟಿನ ಕಥೆನೇ ಹೇಳಲ್ಲ. ಮತ್ತಾಯನಲ್ಲಿ ನಕ್ಷತ್ರ ಇದೆ, ಮೂಡಣ ದೇಶದಿಂದ ಬಂದ ಜೋಯಿಸರಿದ್ದಾರೆ (ಹಳೇ ಕನ್ನಡ ಬೈಬಲ್ಲಿನ ಪದ ಇದೇ, ಮಲೆನಾಡಿನವರಿಗೆ ಓದಿದ ಕೂಡಲೇ ಪಂಚಾಂಗ ಹಿಡಿದ ಒಬ್ಬರು ಕಣ್ಮುಂದೆ ಬರ್ತಾರೆ), ಆದರೆ ಅವರು ಮೂರು ಜನ ಅಂತಾಗ್ಲಿ ರಾಜರು ಅಂತಾಗ್ಲಿ ಎಲ್ಲೂ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಉಡುಗೊರೆ ಮೂರು ಇರೋದ್ರಿಂದ ಜನರೂ ಮೂರು ಅಂತ ಆಮೇಲಿನವರು ಲೆಕ್ಕ ಹಾಕಿದ್ದು, ಮತ್ತೆ ಅವರು ಬಂದಿದ್ದು ಕೊಟ್ಟಿಗೆಗಲ್ಲ, ಮನೆಗೆ. ಲೂಕನಲ್ಲಿ ಗೋದಲಿ ಇದೆ, ಕುರುಬರಿದ್ದಾರೆ, ನಕ್ಷತ್ರ ಇಲ್ಲ, ಜೋಯಿಸರು ಇಲ್ಲ. ದನ, ಕತ್ತೆ ಇಬ್ಬರಲ್ಲೂ ಇಲ್ಲ, ಅವು ಬಂದಿದ್ದು ಹಳೆ ಒಡಂಬಡಿಕೆಯ (ಯೇಸುವಿಗೂ ಹಿಂದಿನ, ಬೈಬಲ್ಲಿನ ಮೊದಲ ಭಾಗದ) ಯೆಶಾಯನ ಒಂದು ಮಾತಿನಿಂದ. ಮತ್ತಾಯನ ಕಥೆ ನಡೆಯೋದು ಹೆರೋದ ರಾಜ ಬದುಕಿದ್ದಾಗ, ಅವನು ಸತ್ತಿದ್ದು ಕ್ರಿ.ಪೂ. 4ರಲ್ಲಿ ಅಂತ ಹೆಚ್ಚಿನವರ ಲೆಕ್ಕ. ಲೂಕನೂ ಹೆರೋದನ ಹೆಸರು ಎತ್ತುತ್ತಾನೆ, ಆದರೆ ಹುಟ್ಟನ್ನ ಸಿರಿಯದ ಅಧಿಪತಿ ಕುರೇನ್ಯನ ಕಾಲದ ಜನಗಣತಿಗೆ ಜೋಡಿಸ್ತಾನೆ, ಆ ಗಣತಿ ಆಗಿದ್ದು ಕ್ರಿ.ಶ. 6ರಲ್ಲಿ. ಸುಮಾರು ಹತ್ತು ವರ್ಷದ ಫರಕು. ಇತಿಹಾಸದವರು ಸಾಮಾನ್ಯವಾಗಿ ಹೆರೋದನ ಕಾಲವನ್ನೇ ಹಿಡಿದು ಕ್ರಿ.ಪೂ. 6ರಿಂದ 4ರ ಒಳಗೆ ಅಂತಾರೆ, ಅಂದ್ರೆ ಕ್ರಿಸ್ತ ಹುಟ್ಟಿದ್ದೇ ಕ್ರಿಸ್ತಪೂರ್ವದಲ್ಲಿ! ಆರನೇ ಶತಮಾನದಲ್ಲಿ ಡಯೋನಿಸಿಯಸ್ ಅನ್ನೋ ಸನ್ಯಾಸಿ ಶಕೆ ಲೆಕ್ಕ ಹಾಕುವಾಗ ಸ್ವಲ್ಪ ತಪ್ಪಿದ್ರ ಫಲ ಅದು.

ಈ ಥರ ಓದೋದನ್ನೇ ವಿಶ್ವವಿದ್ಯಾಲಯಗಳಲ್ಲಿ ಕ್ರೈಸ್ತಧರ್ಮದ ಅಕಾಡೆಮಿಕ್ ಅಧ್ಯಯನ ಅಂತ ಕರೆಯೋದು. ಪಾದ್ರಿ ಆಗೋರು ಓದೋ ಸೆಮಿನರಿ ಬೇರೆ, ಇದು ಬೇರೆ, ಆದರೂ ನಡುವೆ ಗೋಡೆ ಏನಿಲ್ಲ, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂಥ ಕಡೆ ಪಾದ್ರಿಗಳಿಗೂ ಈ ವಿಮರ್ಶೆಯ ಪಾಠ ಆಗತ್ತೆ. ಚರ್ಚಿನ ಹಂಗಿಲ್ಲದೆ ಓದೋಕೆ ಮೈಸೂರು ವಿವಿಯಲ್ಲೂ ಮದ್ರಾಸ್ ವಿವಿಯಲ್ಲೂ ಇದಕ್ಕೇ ವಿಭಾಗ ಇದೆ, ಸೇರೋಕೆ ನೀವು ಕ್ರಿಶ್ಚಿಯನ್ ಆಗಿರಬೇಕಿಲ್ಲ. ನಾನು ಯಾವುದಕ್ಕೂ ಸೇರಿದವನಲ್ಲ. ಶಂಕರಘಟ್ಟದಲ್ಲಿ ಕನ್ನಡ ಎಂಎ ಮಾಡಿದೋನು, ಒಂದು ಮಳೆಗಾಲ ಪೂರ್ತಿ ಯೇಲ್ ವಿಶ್ವವಿದ್ಯಾಲಯದ ಡೇಲ್ ಮಾರ್ಟಿನ್ ಅವರು 2009ರಲ್ಲಿ ಕ್ಲಾಸಲ್ಲಿ ಮಾಡಿದ ಹೊಸ ಒಡಂಬಡಿಕೆಯ ಪಾಠಗಳನ್ನ ಫ್ರೀಯಾಗಿ ನೋಡಿದೆ, ಕರೆಂಟ್ ಇದ್ದಾಗ ಒಂದರ್ಧ, ಬಂದಾಗ ಇನ್ನರ್ಧ. ನೋಡ್ತಾ ನೋಡ್ತಾ ಅನಿಸಿದ್ದು ಎಂತ ಅಂದ್ರೆ, ಇದನ್ನ ನಾವು ಆಗಲೇ ಓದಿದೀವಲ್ಲ ಮಾರಾಯ್ರೆ! ಗ್ರಂಥಸಂಪಾದನೆ (ಹಳೆ ಪ್ರತಿಗಳನ್ನ ಹೋಲಿಸಿ ಮೂಲಪಾಠ ಹುಡುಕೋದು) ಪೇಪರಲ್ಲಿ ಮೇಷ್ಟ್ರು ವಚನಗಳ ಮೇಲೆ, ಓಲೆಗರಿಗಳ ಮೇಲೆ ಮಾಡಿಸಿದ್ದನ್ನೇ ಇವರು ಬೈಬಲ್ ಮೇಲೆ ಮಾಡ್ತಿದ್ದಾರೆ.

ಅಲ್ಲಮಪ್ರಭುವನ್ನೇ ತಗೊಳ್ಳಿ, ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯವನು, ಹನ್ನೆರಡನೇ ಶತಮಾನದವನು. ಸುಮಾರು 1200ರ ಹೊತ್ತಿಗೆ ಹರಿಹರ ಬರೆದ ರಗಳೆಯಲ್ಲಿ ಅಲ್ಲಮ ಪಕ್ಕಾ ಮನುಷ್ಯ, ಮದ್ದಳೆ ಬಾರಿಸೋನು, ಕಾಮಲತೆಯನ್ನ ಪ್ರೀತಿಸಿ ಮದುವೆ ಆಗ್ತಾನೆ, ಅವಳು ಜ್ವರ ಬಂದು ಸಾಯ್ತಾಳೆ, ಹುಚ್ಚನ ಹಾಗೆ ಅಲೀತಾ ಇದ್ದಾಗ ನೆಲದಲ್ಲಿ ಹೂತಿದ್ದ ಗುಡಿಯ ಕಳಸ ಕಾಲಿಗೆ ಸಿಗತ್ತೆ, ಕೆಳಗೆ ಅನಿಮಿಷ ಅನ್ನೋ ಗುರು, ಅಲ್ಲಿಂದ ಅವನ ದಾರಿ ಬೇರೆ. ಇನ್ನೂರು ಚಿಲ್ಲರೆ ವರ್ಷ ಕಳೆದು ಚಾಮರಸ ಬರೆದಾಗ ಅಲ್ಲಮ ಮೊದಲಿಂದಲೇ ದೇವರ ಅಂಶ, ಮಾಯೆ ಬನವಾಸಿಯಲ್ಲಿ ಹುಟ್ಟಿ ಬಂದು ಏನು ಮಾಡಿದ್ರೂ ಅವನನ್ನ ಮುಟ್ಟೋಕಾಗಲ್ಲ. ಇಬ್ಬರಲ್ಲಿ ಯಾರು ಸುಳ್ಳು ಅಂತ ಕೇಳೋದು ದಡ್ಡತನ. ಹರಿಹರನ ಸುತ್ತ ಇದ್ದ ಜನರಿಗೆ ಎಂಥ ಅಲ್ಲಮ ಬೇಕಿತ್ತು, ಚಾಮರಸನ ಕಾಲದವರಿಗೆ ಎಂಥವನು ಬೇಕಾದ, ನಡುವೆ ಏನಾಯ್ತು ಅಂತ ಕೇಳಿದ್ರೆ ಇಬ್ಬರೂ ಬಾಯಿ ಬಿಡ್ತಾರೆ.

ಸುವಾರ್ತೆಗಳಲ್ಲೂ ಹೆಚ್ಚುಕಡಿಮೆ ಇದೇ ಚಲನೆ ಕಾಣತ್ತೆ. ಎಲ್ಲಕ್ಕಿಂತ ಹಳೇದು ಮಾರ್ಕನದು, ರೋಮನ್ನರು ಯೆರೂಸಲೇಮಿನ ದೇವಾಲಯ ಕೆಡವಿದ ಕ್ರಿ.ಶ. 70ರ ಆಸುಪಾಸಿನದು ಅಂತ ಹೆಚ್ಚಿನವರ ಅಭಿಪ್ರಾಯ, ಅಂದ್ರೆ ಯೇಸು ಶಿಲುಬೆಗೆ ಹೋಗಿ ಸುಮಾರು ನಲವತ್ತು ವರ್ಷ ಆದಮೇಲೆ. ಅಲ್ಲಿ ಯೇಸು ಸಿಟ್ಟಾಗ್ತಾನೆ, ಕಳವಳಪಡ್ತಾನೆ, ಶಿಲುಬೆ ಮೇಲೆ ದೇವರೇ ಯಾಕೆ ಕೈಬಿಟ್ಟೆ ಅಂತ ಕೂಗ್ತಾನೆ. ಮತ್ತಾಯ, ಲೂಕ 80-90ರ ಹೊತ್ತಿನವು. ಶತಮಾನದ ಕೊನೆಯ ಯೋಹಾನನಲ್ಲಿ ಅವನು ಲೋಕ ಹುಟ್ಟೋಕೆ ಮುಂಚೆನೇ ಇದ್ದ ‘ವಾಕ್ಯ’, ಅಂದ್ರೆ ದೇವರ ಮಾತು, ಶಿಲುಬೆ ಮೇಲೂ ಎಲ್ಲ ಅವನ ಹಿಡಿತದಲ್ಲೇ ಇರತ್ತೆ, ಎಲ್ಲ ಮುಗೀತು ಅಂತ ಹೇಳಿ ತಲೆ ಬಾಗಿಸ್ತಾನೆ. ಆದರೆ ಕಾಲ ಕಳೆದ ಹಾಗೆ ಮನುಷ್ಯ ದೇವರಾದ ಅಂತ ಗೆರೆ ಎಳೆದ ಹಾಗೆ ಹೇಳೋಕೂ ಆಗಲ್ಲ, ಯಾಕಂದ್ರೆ ನಾಲ್ಕಕ್ಕಿಂತಲೂ ಹಳೆಯ ಬರಹ ಮೊದಮೊದಲ ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳು, 50ರ ದಶಕದವು, ಅದರಲ್ಲೇ ಯೇಸುವಿಗೆ ದೇವರ ಪಕ್ಕದ ಜಾಗ ಕೊಟ್ಟಾಗಿದೆ. ಪೌಲ ಬದುಕಿದ್ದ ಯೇಸುವನ್ನ ನೋಡಿದವನಲ್ಲ, ಅವನ ಕಥೆನೂ ಹೆಚ್ಚು ಹೇಳಲ್ಲ, ಯೇಸು ಹೇಳಿದ ಒಂದೇ ಒಂದು ಸಾಮತಿ (ದೃಷ್ಟಾಂತದ ಕಥೆ) ಕೂಡ ಎತ್ತಲ್ಲ. ಅವನ ಹೆಸರಲ್ಲಿ ಹದಿಮೂರು ಪತ್ರ ಇವೆ, ಅದರಲ್ಲಿ ಏಳು ಅವನವೇ ಅನ್ನೋದರಲ್ಲಿ ತಕರಾರಿಲ್ಲ, ಉಳಿದವುಗಳ ಮೇಲೆ ಜಗಳ ಇದೆ, ಕೆಲವನ್ನ ಶಿಷ್ಯರು ಗುರುವಿನ ಹೆಸರಲ್ಲಿ ಬರೆದದ್ದು ಅಂತಾರೆ. ಅಂಕಿತ ನೋಡಿ ವಚನ ಯಾರದ್ದು ಅಂತ ಪೂರ್ತಿ ನಂಬಬೇಡಿ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ದದ್ದು ನೆನಪಾಗತ್ತೆ. ಸುವಾರ್ತೆಗಳಲ್ಲಂತೂ ಬರೆದವರ ಹೆಸರು ಪಠ್ಯದ ಒಳಗೆ ಇಲ್ಲವೇ ಇಲ್ಲ. ನಾಲ್ಕೂ ಹೆಸರನ್ನ ಒಟ್ಟಿಗೆ ಹೇಳೋನು ಸುಮಾರು 180ರ ಹೊತ್ತಿನ ಐರೇನಿಯಸ್ ಅನ್ನೋ ಬಿಷಪ್ಪು.

ಸರಿ, ಈ ಸುವಾರ್ತೆಗಳು ಒಂದನ್ನ ನೋಡಿ ಇನ್ನೊಂದು ಬರೆದದ್ದು ಅಂತ ಹೇಗೆ ಹೇಳ್ತಾರೆ? ಇದಕ್ಕೆ ಒಂದು ಅಭ್ಯಾಸ ಇದೆ, ನಾನೂ ಮಾಡಿದೆ. ಮತ್ತಾಯ, ಮಾರ್ಕ, ಲೂಕ ಮೂರರಲ್ಲೂ ಇರೋ ಒಂದೇ ಪ್ರಸಂಗವನ್ನ ಮೂರು ಕಾಲಮ್ಮಲ್ಲಿ ಪ್ರಿಂಟ್ ತೆಗೆಸಿ, ಮೂವರಲ್ಲೂ ಇರೋ ಮಾತಿಗೆ ಕೆಂಪು ಪೆನ್ನು, ಇಬ್ಬರಲ್ಲಿ ಇದ್ದರೆ ನೀಲಿ, ಒಬ್ಬರಲ್ಲೇ ಇದ್ದರೆ ಹಾಗೇ ಬಿಡೋದು. ಹಾಳೆ ಕೆಂಪು ಕೆಂಪಾಗತ್ತೆ. ಮಾರ್ಕನ 660 ಚಿಲ್ಲರೆ ವಾಕ್ಯಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಒಂದಲ್ಲ ಒಂದು ರೂಪದಲ್ಲಿ ಮತ್ತಾಯನಲ್ಲಿವೆ. ಯೇಸು ಮಾತಾಡಿದ್ದು ಅರಮಾಯಿಕ್ ಭಾಷೆ, ಸುವಾರ್ತೆ ಇರೋದು ಗ್ರೀಕಲ್ಲಿ, ಮೂರು ಜನ ಬೇರೆ ಬೇರೆ ಕೂತು ನೆನಪಿಂದ ಅನುವಾದ ಮಾಡಿದ್ರೆ ಶಬ್ದಕ್ಕೆ ಶಬ್ದ ಒಂದೇ ಥರ ಬರೋಕೆ ಸಾಧ್ಯ ಇಲ್ಲ. ನಂಗೆ ಬಹಳ ಖುಷಿ ಕೊಟ್ಟಿದ್ದು ಮಾರ್ಕ 13:14. ಯೇಸು ಮಾತಾಡ್ತಾ ಇರುವಾಗ ನಡುವೆ ಇದ್ದಕ್ಕಿದ್ದ ಹಾಗೆ ‘ಓದುವವನು ತಿಳಿದುಕೊಳ್ಳಲಿ’ ಅಂತ ಒಂದು ಮಾತು ಬರತ್ತೆ. ಎದುರಿಗಿದ್ದವರು ಕೇಳ್ತಿದ್ದಾರೆ, ಓದ್ತಿಲ್ಲ, ಹಾಗಾಗಿ ಇದು ಬರೆದವನು ಓದುಗನಿಗೆ ಹೊಡೆದ ಕಣ್ಸನ್ನೆ ಅಂತ ಬಹಳ ಜನ ಹೇಳ್ತಾರೆ. ಮತ್ತಾಯ 24:15ರಲ್ಲಿ ಅದೇ ಜಾಗದಲ್ಲಿ ಅದೇ ಕಣ್ಸನ್ನೆ! ಪರೀಕ್ಷೆ ಪೇಪರ್ ತಿದ್ದಿದ ಯಾವ ಮೇಷ್ಟ್ರಿಗೂ ಬೇರೆ ಸಾಕ್ಷಿ ಬೇಕಾಗಲ್ಲ, ಇಬ್ಬರ ಉತ್ತರ ಸರಿ ಇದ್ದರೆ ಅನುಮಾನ ಬರಲ್ಲ, ಇಬ್ಬರೂ ಒಂದೇ ಜಾಗದಲ್ಲಿ ಒಂದೇ ವಿಚಿತ್ರ ಮಾತು ಬರೆದ್ರೆ ಗೊತ್ತಾಗಿಬಿಡತ್ತೆ. ಇನ್ನು ಮಾರ್ಕನಲ್ಲಿ ಇಲ್ಲದೆ ಮತ್ತಾಯ, ಲೂಕ ಇಬ್ಬರಲ್ಲೂ ಇರೋ ಇನ್ನೂರಕ್ಕೂ ಹೆಚ್ಚು ವಾಕ್ಯ ಇವೆ, ಬಹುಪಾಲು ಉಪದೇಶದ ಮಾತು. ಅದಕ್ಕೆ ಕಳೆದುಹೋದ ಒಂದು ಮೂಲ ಇತ್ತು ಅಂತ ಊಹಿಸಿ ‘ಕ್ಯೂ’ ಅಂತ ಹೆಸರಿಟ್ಟಿದ್ದಾರೆ, ಜರ್ಮನ್ನಲ್ಲಿ ಮೂಲ ಅನ್ನೋ ಪದದ ಮೊದಲಕ್ಷರ ಅದು. ಅದರ ಒಂದು ಪ್ರತಿಯೂ ಸಿಕ್ಕಿಲ್ಲ, ಬೇಡವೇ ಬೇಡ, ಲೂಕ ಮತ್ತಾಯನನ್ನೇ ನೋಡಿ ಬರೆದ ಅನ್ನೋರೂ ಇದ್ದಾರೆ.

ಇನ್ನೊಂದು ಸಾಧನ ಮುಜುಗರ. ಯಾವ ಸಂಗತಿ ಹೇಳಿದ್ರೆ ಹೇಳೋರಿಗೇ ಕಷ್ಟವೋ ಅದನ್ನ ಅವರು ಕಟ್ಟಿ ಹೇಳಿರೋ ಸಾಧ್ಯತೆ ಕಮ್ಮಿ. ಯೇಸು ಯೊರ್ದನ್ ನದಿಯಲ್ಲಿ ಸ್ನಾನಿಕ ಯೋಹಾನನಿಂದ (ಸುವಾರ್ತೆಯ ಯೋಹಾನ ಬೇರೆ, ಇವನು ಬೇರೆ) ದೀಕ್ಷಾಸ್ನಾನ ತಗೊಂಡ ಅನ್ನೋದು ಅಂಥದ್ದು. ಆ ಸ್ನಾನ ಪಾಪಪರಿಹಾರಕ್ಕೆ, ಪಾಪ ಇಲ್ಲದವನಿಗೆ ಅದು ಯಾಕೆ, ಮಾಡಿಸಿದವನು ದೊಡ್ಡವನಾ ಮಾಡಿಸಿಕೊಂಡವನು ದೊಡ್ಡವನಾ? ಮಾರ್ಕ ಇದನ್ನ ಸೀದಾ ಹೇಳಿ ಮುಂದೆ ಹೋಗ್ತಾನೆ. ಮತ್ತಾಯನಿಗೆ ತಳಮಳ, ಅಲ್ಲಿ ಯೋಹಾನ ಅಡ್ಡ ನಿಂತು ನಾನೇ ನಿನ್ನಿಂದ ಮಾಡಿಸಿಕೊಳ್ಳಬೇಕು ಅಂತಾನೆ, ಯೇಸು ಸಮಾಧಾನ ಮಾಡ್ತಾನೆ. ಲೂಕ ಮೊದಲು ಯೋಹಾನ ಜೈಲಿಗೆ ಹೋದ ಅಂತ ಬರೆದು ಆಮೇಲೆ ಸ್ನಾನದ ಮಾತೆತ್ತುತ್ತಾನೆ, ಯಾರು ಮಾಡಿಸಿದ್ದು ಅಂತ ಆ ಜಾಗದಲ್ಲಿ ಹೇಳೋದೇ ಇಲ್ಲ. ನಾಲ್ಕನೇ ಸುವಾರ್ತೆಯಲ್ಲಿ ಸ್ನಾನಿಕ ಯೋಹಾನ ಬರ್ತಾನೆ, ಪಾರಿವಾಳದ ಹಾಗೆ ಇಳಿದ ಆತ್ಮ ಬರತ್ತೆ, ಯೇಸು ನೀರಿಗೆ ಇಳಿದಿದ್ದು ಮಾತ್ರ ಬರಲ್ಲ. ಹೀಗೆ ಒಬ್ಬೊಬ್ಬರೂ ಒಂದೊಂದು ಥರ ಒದ್ದಾಡಿರೋದ್ರಿಂದಲೇ ಇತಿಹಾಸಕಾರರು ಇದು ನಡೆದಿರಬೇಕು ಅಂತಾರೆ. ನಮ್ಮ ಉಡುತಡಿಯ ಅಕ್ಕಮಹಾದೇವಿ ನೋಡಿ, ಹರಿಹರ ಅವಳಿಗೆ ಕೌಶಿಕನ ಜೊತೆ ಮದುವೆ ಆಯ್ತು ಅಂತ ಹೇಳಿಬಿಡ್ತಾನೆ, ಚಾಮರಸ ಆಗಲೇ ಇಲ್ಲ ಅಂತಾನೆ. ಎಂಎ ಕ್ಲಾಸಲ್ಲಿ ಇದರ ಮೇಲೆ ಒಂದು ಇಡೀ ಮಧ್ಯಾಹ್ನ ಜಗಳ ಆಡಿದ್ವಿ, ಅವತ್ತು ನಮಗೆ ಈ ‘ಮುಜುಗರ’ದ ಸೂತ್ರ ಗೊತ್ತಿದ್ದಿದ್ರೆ ಚೆನ್ನಾಗಿರ್ತಿತ್ತು. ಅಂದಹಾಗೆ ಈ ಸೂತ್ರವನ್ನೂ ಈಗ ಕೆಲವು ವಿದ್ವಾಂಸರು ಒಪ್ಪಲ್ಲ, ಇವತ್ತು ನಮಗೆ ಮುಜುಗರ ಅನಿಸಿದ್ದು ಅವತ್ತು ಅವರಿಗೂ ಅನಿಸಿತ್ತು ಅಂತ ಯಾರು ಹೇಳಿದ್ರು ಅಂತ ಕೇಳ್ತಾರೆ, ಅದೂ ಸರಿನೇ.

ಹಾಗಾದ್ರೆ ಅವನು ಕಲಿಸಿದ್ದೇನು? ಇಲ್ಲಿ ಬಹುತೇಕ ಎಲ್ಲರೂ ಒಪ್ಪೋ ಒಂದು ಮಾತು ‘ದೇವರ ರಾಜ್ಯ’. ಅದು ಎಂತದು ಅನ್ನೋದರಲ್ಲಿ ಮಾತ್ರ ಒಪ್ಪಿಗೆ ಇಲ್ಲ. ಮಾರ್ಕ 9:1ರಲ್ಲಿ ಇಲ್ಲಿ ನಿಂತಿರೋ ಕೆಲವರು ಸಾಯೋಕೆ ಮುಂಚೆ ಅದು ಬಂದಿರೋದನ್ನ ನೋಡ್ತಾರೆ ಅಂತ ಇದೆ, ಇಂಥ ಮಾತುಗಳನ್ನ ಹಿಡಿದು ಆಲ್ಬರ್ಟ್ ಶ್ವೈಟ್ಜರ್ ಅನ್ನೋ ವಿದ್ವಾಂಸ 1906ರಲ್ಲಿ, ಈ ಲೋಕ ಬೇಗನೇ ಮುಗಿದು ಹೊಸದು ಶುರುವಾಗತ್ತೆ ಅಂತ ನಂಬಿದ್ದ ಯೆಹೂದಿ ಪ್ರವಾದಿ ಅವನು ಅಂತ ವಾದಿಸಿದ. ಇವತ್ತಿಗೂ ಬಹಳ ಜನ ಇದೇ ದಾರಿಯಲ್ಲಿದ್ದಾರೆ. ಲೂಕ 17:21ರಲ್ಲಿ ಆ ರಾಜ್ಯ ಈಗಾಗಲೇ ನಿಮ್ಮಲ್ಲೇ ಇದೆ ಅಂತಲೂ ಇದೆ, ‘ನಿಮ್ಮಲ್ಲಿ’ ಅಂದ್ರೆ ನಿಮ್ಮ ಒಳಗಾ ನಿಮ್ಮ ನಡುವೆನಾ ಅನ್ನೋದು ಗ್ರೀಕಲ್ಲೂ ಸ್ಪಷ್ಟ ಇಲ್ಲ, ಕನ್ನಡದ ‘ನಿಮ್ಮಲ್ಲಿ’ ಆ ಎರಡೂ ಅರ್ಥವನ್ನ ಹಾಗೇ ಉಳಿಸಿಕೊಂಡಿದೆ. ಲೂಕನಲ್ಲಿ ‘ಬಡವರಾದ ನೀವು ಧನ್ಯರು’, ಅದರ ಬೆನ್ನಿಗೇ ಐಶ್ವರ್ಯವಂತರಿಗೆ ಅಯ್ಯೋ ಅಂತ ಶಾಪ. ಮತ್ತಾಯನಲ್ಲಿ ಅದು ‘ಆತ್ಮದಲ್ಲಿ ಬಡವರು’, ಶಾಪ ಮಾಯ. ಒಂದು ಪದ ಸೇರಿದ್ದಕ್ಕೆ ಹಸಿದವನ ಮಾತು ವಿನಯದ ಮಾತಾಯ್ತು, ಮೂಲಕ್ಕೆ ಹತ್ತಿರ ಲೂಕನದೇ ಅಂತ ಬಹಳ ಜನ ಹೇಳೋದು, ನನಗೂ ಹಾಗೇ ಅನಿಸೋದು.

ಮತ್ತಾಯನಲ್ಲಿ ಮಾತ್ರ ಇರೋ ಒಂದು ಸಾಮತಿ ನಮ್ಮ ಕಡೆಯವರಿಗೆ ಸೀದಾ ತಾಗತ್ತೆ. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆ ಆಳು ಕರೀತಾನೆ, ದಿನಕ್ಕೆ ಒಂದು ದೆನಾರಿ ಅಂತ ಮಾತಾಗತ್ತೆ, ಅದು ಆ ಕಾಲದ ದಿನಗೂಲಿ. ಆಮೇಲೆ ಒಂಬತ್ತಕ್ಕೆ, ಮಧ್ಯಾಹ್ನ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಕರೀತಾನೆ. ಬಟವಾಡೆ ಮಾಡುವಾಗ ಎಲ್ಲರಿಗೂ ಒಂದೇ ದೆನಾರಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರು ಗೊಣಗ್ತಾರೆ. ಅಡಿಕೆ ಕೊಯ್ಲಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಮಾರನೇ ದಿನ ಐದು ಗಂಟೆವರೆಗೆ ಒಬ್ಬರೂ ತೋಟಕ್ಕೆ ಇಳಿಯಲ್ಲ ಅಂತ ನಮ್ಮ ಕೊನೆಗಾರ ಹೇಳಿದ, ಅದು ಕಥೆಯೊಳಗಿನ ಗೊಣಗಾಟವೇ. ಚರ್ಚಲ್ಲಿ ಇದನ್ನ ದೇವರ ಕೃಪೆಯ ಕಥೆ ಅಂತ ಓದ್ತಾರೆ. ವಿವಿ ಕ್ಲಾಸಲ್ಲಿ ಆ ಜನ ಐದು ಗಂಟೆವರೆಗೂ ಕೆಲಸ ಇಲ್ಲದೆ ಪೇಟೆಯಲ್ಲಿ ಯಾಕೆ ನಿಂತಿದ್ರು, ಯೇಸುವಿನ ಸೀಮೆಯಾದ ಗಲಿಲಾಯದಲ್ಲಿ ಭೂಮಿ ಯಾರ ಕೈಲಿತ್ತು, ತೆರಿಗೆ ಎಷ್ಟು ಹಿಂಡ್ತಿದ್ರು ಅಂತಲೂ ಕೇಳ್ತಾರೆ.

ಬೈಬಲ್ ಹೊರಗೆ ಏನಿದೆ ಅಂತ ಕೇಳೋರಿಗೆ: ಸ್ವಲ್ಪ ಇದೆ, ಜಾಸ್ತಿ ಇಲ್ಲ. ಯೆಹೂದಿ ಇತಿಹಾಸಕಾರ ಜೋಸೆಫಸ್ 93-94ರ ಹೊತ್ತಿಗೆ ಕ್ರಿಸ್ತ ಅನಿಸಿಕೊಂಡ ಯೇಸುವಿನ ಸಹೋದರ ಯಾಕೋಬನನ್ನ ಕೊಂದ ಸುದ್ದಿ ಬರೀತಾನೆ. ಅವನದ್ದೇ ಇನ್ನೊಂದು ಉದ್ದದ ಪ್ಯಾರಾದಲ್ಲಿ ಆಮೇಲಿನ ಕ್ರೈಸ್ತ ನಕಲುಗಾರರು ಕೈಯಾಡಿಸಿದ್ದಾರೆ ಅಂತ ಹೆಚ್ಚಿನವರ ಮಾತು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಸುಮಾರು 116ರಲ್ಲಿ ರೋಮನ್ ಅಧಿಪತಿ ಪಿಲಾತ ಯೇಸುವನ್ನ ಕೊಲ್ಲಿಸಿದ್ದನ್ನ ಹೇಳ್ತಾನೆ. ಆ ಪಿಲಾತನ ಹೆಸರಿರೋ ಒಂದು ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಯೇಸು ಅನ್ನೋ ವ್ಯಕ್ತಿ ಇದ್ದ, ಪಿಲಾತನ ಆಳ್ವಿಕೆಯಲ್ಲಿ ಶಿಲುಬೆಗೇರಿದ ಅನ್ನೋದನ್ನ ನಂಬಿಕೆ ಇಲ್ಲದ ಇತಿಹಾಸಕಾರರೂ ಒಪ್ತಾರೆ, ಅದಕ್ಕಿಂತ ಮುಂದೆ, ಸತ್ತವನು ಎದ್ದು ಬಂದನಾ ಅನ್ನೋದನ್ನ ಇತಿಹಾಸದ ತಕ್ಕಡಿಯಲ್ಲಿ ತೂಗೋಕಾಗಲ್ಲ, ಎದ್ದು ಬಂದ ಅಂತ ಶಿಷ್ಯರು ಬಹಳ ಬೇಗನೇ ನಂಬಿದ್ರು ಅನ್ನೋದನ್ನ ಮಾತ್ರ ತೂಗಬಹುದು.

ವಾಟ್ಸಾಪಲ್ಲಿ ಓಡಾಡೋ ಒಂದು ಮಾತಿದೆ, 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯಾದಲ್ಲಿ ಸಭೆ ಸೇರಿಸಿ ಬೈಬಲ್ಲಿಗೆ ಯಾವ ಪುಸ್ತಕ ಬೇಕು ಬೇಡ ಅಂತ ವೋಟ್ ಹಾಕಿಸಿದ ಅಂತ. ತಪ್ಪು. ಅಲ್ಲಿ ಜಗಳ ಇದ್ದಿದ್ದು ಮಗನಾದ ಯೇಸುವೂ ತಂದೆಯಾದ ದೇವರೂ ಒಂದೇ ತತ್ವವಾ ಅಂತ, ಏರಿಯಸ್ ಅನ್ನೋ ಪಾದ್ರಿ ಅಲ್ಲ ಅಂದಿದ್ದ. ಹೊಸ ಒಡಂಬಡಿಕೆಯ ಈಗಿರೋ 27 ಪುಸ್ತಕಗಳ ಪಟ್ಟಿ ಸರಿಯಾಗಿ ಮೊದಲು ಕಾಣೋದು ಅಲೆಕ್ಸಾಂಡ್ರಿಯದ ಅಥನಾಸಿಯಸ್ 367ರಲ್ಲಿ ಬರೆದ ಒಂದು ಪತ್ರದಲ್ಲಿ. ನಮ್ಮ ತಾಳಗುಂದದ ಮಯೂರಶರ್ಮ ಕದಂಬ ರಾಜ್ಯ ಕಟ್ಟಿದ್ದು ಹೆಚ್ಚುಕಡಿಮೆ ಅದೇ ಕಾಲಕ್ಕೆ, ಅಂದ್ರೆ ಯೇಸು ಸತ್ತು ಮುನ್ನೂರು ವರ್ಷ ದಾಟಿದ ಮೇಲೂ ಪಟ್ಟಿ ಅಲ್ಲಾಡ್ತಾನೇ ಇತ್ತು. ಪಟ್ಟಿಯಿಂದ ಹೊರಗೆ ಉಳಿದದ್ದರಲ್ಲಿ ತೋಮನ ಸುವಾರ್ತೆ ಒಂದು, 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ರ ಮಣ್ಣಿನ ಜಾಡಿಯಲ್ಲಿ ಪೂರ್ತಿಯಾಗಿ ಸಿಕ್ಕಿತು. ಕಥೆನೇ ಇಲ್ಲ, ಬರೀ 114 ಮಾತು. ಓದಿದ್ರೆ ವಚನದ ಕಟ್ಟು ಬಿಚ್ಚಿದ ಹಾಗೆ ಇರತ್ತೆ.

ಇಲ್ಲೊಂದು ಕನ್ನಡದ ಎಳೆ ಇದೆ. ಈ ವಿಮರ್ಶೆಯ ಓದು ಜೋರಾಗಿ ಎದ್ದಿದ್ದು ಜರ್ಮನಿಯ ಟ್ಯೂಬಿಂಗೆನ್ ಊರಲ್ಲಿ, ಪ್ರೊಫೆಸರ್ ಬೌರ್ ಸುತ್ತಮುತ್ತ. ಅಲ್ಲೇ ಪಾಠ ಮಾಡ್ತಿದ್ದ ಡೇವಿಡ್ ಸ್ಟ್ರೌಸ್, ಸುವಾರ್ತೆಯ ಪವಾಡಗಳು ಪುರಾಣ ಅಂತ 1835ರಲ್ಲಿ ಬರೆದು ಕೆಲಸ ಕಳಕೊಂಡ. ಅದೇ ಟ್ಯೂಬಿಂಗೆನ್ನಲ್ಲಿ ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತೆಗೆದ, ಹಳೆ ಕಾವ್ಯಗಳನ್ನ ಹಸ್ತಪ್ರತಿಯಿಂದ ಅಚ್ಚಿಗೆ ತಂದ. ನಾವೆಲ್ಲ ಇವತ್ತಿಗೂ ತಿರುವಿ ಹಾಕೋ 1894ರ ನಿಘಂಟಿನ ಕಿಟ್ಟೆಲ್ ತೀರಿಕೊಂಡಿದ್ದೂ ಟ್ಯೂಬಿಂಗೆನ್ನಲ್ಲೇ, 1903ರಲ್ಲಿ. ಇವರು ಮತಪ್ರಚಾರಕ್ಕೆ ಬಂದವರು, ಸ್ಟ್ರೌಸ್‌ನನ್ನ ಮೆಚ್ಚಿದವರೇನಲ್ಲ, ಆದರೆ ಪ್ರತಿ ಪ್ರತಿ ಹೋಲಿಸಿ ಪಾಠ ನಿರ್ಧರಿಸೋ ಶಿಸ್ತು ಅವರಿಗೆ ಬಂದದ್ದು ಆ ಲೋಕದಿಂದ.

ಹಸ್ತಪ್ರತಿ ಅಂದಾಗ ಮಾರ್ಕನ ಕೊನೆ ಹೇಳದೆ ಮುಗಿಸೋಕಾಗಲ್ಲ. ನಾಲ್ಕನೇ ಶತಮಾನದ ಎರಡು ದೊಡ್ಡ ಪ್ರತಿಗಳು, ಸಿನಾಯ್ ಬೆಟ್ಟದ ಮಠದಲ್ಲಿ ಸಿಕ್ಕಿದ್ದು ಒಂದು, ವ್ಯಾಟಿಕನ್ನಿನದು ಇನ್ನೊಂದು, ಎರಡರಲ್ಲೂ ಮಾರ್ಕ 16:8ಕ್ಕೇ ನಿಂತುಬಿಡತ್ತೆ. ಹೆಂಗಸರು ಸಮಾಧಿಗೆ ಹೋಗ್ತಾರೆ, ಖಾಲಿ, ಬಿಳಿ ನಿಲುವಂಗಿಯ ಯುವಕ ಯೇಸು ಎದ್ದಿದ್ದಾನೆ ಅಂತಾನೆ, ಅವರು ನಡುಗಿ ಓಡಿ ಹೋಗ್ತಾರೆ, ಭಯಪಟ್ಟು ಯಾರಿಗೂ ಏನೂ ಹೇಳಲ್ಲ. ಮುಗೀತು. ಈಗ ಅಚ್ಚಾಗಿರೋ 9ರಿಂದ 20ರವರೆಗಿನ ವಾಕ್ಯಗಳು ಆಮೇಲೆ ಸೇರಿದ್ದು ಅಂತ ವಿದ್ವಾಂಸರಲ್ಲಿ ಹೆಚ್ಚಿನವರ ತೀರ್ಮಾನ. ‘ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ’ ಅನ್ನೋ ಪ್ರಸಂಗವೂ ಯೋಹಾನನ ಹಳೆಯ ಪ್ರತಿಗಳಲ್ಲಿ ಇಲ್ಲ.

ಹೋದ ಡಿಸೆಂಬರಲ್ಲಿ ಪಾಚಿ ಕೊಡೋಕೆ ಹೋದಾಗ ಇದನ್ನ ಬಾಯಮ್ಮನಿಗೆ ಹೇಳಿದೆ, ಸ್ವಲ್ಪ ಹೆದರಿಕೊಂಡೇ. ಅವರಿಗೀಗ ಎಂಬತ್ತರ ಹತ್ರ. ಕನ್ನಡಕ ಹಾಕ್ಕೊಂಡು ಒಳಗಿಂದ ಪುಸ್ತಕ ತಂದು 16ನೇ ಅಧ್ಯಾಯ ತೆಗೆದು ಎಂಟನೇ ವಾಕ್ಯಕ್ಕೆ ಬೆರಳಿಟ್ಟು ಎರಡು ಸಲ ಓದಿದ್ರು. ಬೇಜಾರು ಮಾಡ್ಕೊಳ್ತಾರೇನೋ ಅಂದುಕೊಂಡ್ರೆ, ‘ಅಲ್ಲ, ಆ ಹೆಂಗಸರು ಯಾರಿಗೂ ಹೇಳೇ ಇಲ್ಲ ಅಂದಮೇಲೆ ಮಾರ್ಕನಿಗೆ ಯಾರು ಹೇಳಿದ್ದು?’ ಅಂದ್ರು. ವಿದ್ವಾಂಸರು ಇದೇ ಪ್ರಶ್ನೆ ಇಟ್ಕೊಂಡು ಪುಟಗಟ್ಟಲೆ ಬರೆದಿದ್ದಾರೆ ಅಂದೆ. ‘ಬರೀಲಿ’ ಅಂತ ಹೇಳಿ, ಊದುಬತ್ತಿ ಕಾಲಿನ ಕುರಿಯನ್ನ ಪಾಚಿ ಮೇಲೆ ನಿಲ್ಲಿಸೋಕೆ ಕೂತ್ಕೊಂಡ್ರು.